ಗುಂಡಿಗೆ ಬಿದ್ದ ಗುಂಡಿಗಳು

ಮಗಳಿಗೆ ಅಂಕಿ ಕಲಿಸುವುದಕ್ಕೆ ಇನ್ನೊಬ್ಬರು ಯಾಕೆ, ನಾನೊಬ್ಬನೇ ಸಾಕು ಎಂದು ಮನೆಯ ನಡುಕೋಣೆಯಲ್ಲಿ ನಿಂತು ಘೋಷಿಸಿದೆ. ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಗಾಳಿಯಲ್ಲಿತ್ತು. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ.

"ಗಾಳೀಲಿರೋ ಕೈಯಲ್ಲಿ ಹಾಗೇ ಆ ಫ್ಯಾನ್ ಸ್ವಿಚ್ ಹಾಕಿ," ಅಂದಳು.

ವಿಷಯ ಇಷ್ಟೇ. ನಮ್ಮ ಚೂಟಿ ನಾಲ್ಕು ತುಂಬಿದ ಹುಡುಗಿ. ಒಂದರಿಂದ ಇಪ್ಪತ್ತರವರೆಗೆ ಎಲ್ಲೂ ನಿಲ್ಲದ ರೈಲಿನ ಹಾಗೆ ಒದರುತ್ತಾಳೆ. ಆದರೆ ಶಾಲೆಯಲ್ಲಿ ಟೀಚರ್ "ಮೂರು ಬಣ್ಣದ ಕಡ್ಡಿ ತಾ" ಅಂದರೆ ಇಡೀ ಡಬ್ಬಿಯನ್ನೇ ಹೊತ್ತುಕೊಂಡು ಬಂದಳಂತೆ!

"ಬಾಯಿಪಾಠ ಸಾಕು ಸಾರ್," ಅಂದಿದ್ದರು ಟೀಚರ್. "ಮೂರು ಅಂದ್ರೆ ಎಷ್ಟು ಅಂತ ಕಣ್ಣಿಗೆ ಕಾಣೋ ಹಾಗೆ ಜೋಡಿಸಿ ತೋರಿಸಿ."

ಕಣ್ಣಿಗೆ ತೋರಿಸುವುದೇ? ಕಣ್ಣಿನ ವಿಷಯದಲ್ಲಿ ನನ್ನನ್ನು ಮೀರಿಸುವವರುಂಟೆ! ನಾನು ವಿಮಾ ಕಂಪನಿಯ ತನಿಖಾಧಿಕಾರಿ. ಅಂಗಡಿ ಸುಟ್ಟುಹೋಯಿತು ಅಂತ ಯಾರಾದರೂ ಅತ್ತರೆ, ನಾನು ಮೊದಲು ನೋಡುವುದು ಕಣ್ಣೀರು ನಿಜವೋ ನಲ್ಲಿ ನೀರೋ ಅಂತ. ಆಫೀಸಿನಲ್ಲಿ ನನಗೆ 'ಸಂಶಯಪ್ಪ' ಎಂದೇ ಬಿರುದು.

ಕೂಡಲೇ ಮೊಟ್ಟೆ ಇಡುವ ರಟ್ಟಿನ ತಟ್ಟೆ ಹುಡುಕಿ ಕತ್ತರಿಸಿದೆ. ಮೇಲೆ ಐದು ಗುಂಡಿ, ಕೆಳಗೆ ಐದು ಗುಂಡಿ. ಅದರಲ್ಲಿ ಇಡಲು ಅತ್ತೆಯ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿ. ಗುಂಡಿಗೆ ಗುಂಡಿ! ನನ್ನ ಶ್ಲೇಷೆಗೆ ನಾನೇ ನಕ್ಕೆ. ಬೇರೆ ಯಾರೂ ನಗಲಿಲ್ಲ.

"ನೋಡು ಚೂಟಿ, ಎಣಿಸಬಾರದು, ಬರೀ ನೋಡಬೇಕು. ಮೇಲಿನ ಸಾಲು ತುಂಬಿದೆ, ಅಂದ್ರೆ ಐದು. ಕೆಳಗೆ ಎರಡಿದೆ. ಒಟ್ಟು?"

"ಏಳು!"

"ಹತ್ತಾಗೋಕೆ ಎಷ್ಟು ಬೇಕು?"

ಅವಳು ಖಾಲಿ ಗುಂಡಿಗಳನ್ನು ದಿಟ್ಟಿಸಿ, "ಮೂರು!" ಅಂದಳು.

ಮನೆಯ ಬಾಗಿಲು ಸಾಲದಷ್ಟು ನನ್ನ ಎದೆ ಉಬ್ಬಿತು! ಉತ್ಸಾಹದಲ್ಲಿ ಇನ್ನಷ್ಟು ತಟ್ಟೆ ಕತ್ತರಿಸಿಕೊಟ್ಟೆ. ಜತೆಗೊಂದು ಮಹಾಮಂತ್ರವನ್ನೂ ಉಪದೇಶಿಸಿದೆ.

"ಖಾಲಿ ಗುಂಡಿ ಕಂಡ್ರೆ ಏನು ಮಾಡ್ಬೇಕು?"

"ತುಂಬಿಸ್ಬೇಕು!"

"ಶಭಾಷ್!"

ಆ ವಾರವೇ ನಮ್ಮ ಮನೆಗೆ ಕಳ್ಳತನದ ಪಿಡುಗು ವಕ್ಕರಿಸಿತು. ಮೊದಲು ನನ್ನ ನೀಲಿ ಅಂಗಿಯ ನಡುವಿನ ಗುಂಡಿ ಮಾಯ. ಮರುದಿನ ಬಿಳಿ ಅಂಗಿಯದು. ಆಮೇಲೆ ಟಿವಿ ರಿಮೋಟಿನ ಹೊಟ್ಟೆಯಿಂದ ಬ್ಯಾಟರಿ. ಕೊನೆಗೆ ಅತ್ತೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಓಲೆಗಳಲ್ಲಿ ಒಂದು!

ಮಗಳನ್ನು ಕೇಳಿದೆ. "ಚೂಟಿ, ಏನಾದ್ರೂ ಕದ್ದಿದ್ದೀಯಾ?"

"ಇಲ್ಲಪ್ಪ," ಅಂದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಸುಳ್ಳು ಹೇಳುವವರು ಹಾಗೆ ನೋಡುವುದಿಲ್ಲ. ಶಂಕಿತರ ಪಟ್ಟಿಯಿಂದ ಅವಳನ್ನು ಕೈಬಿಟ್ಟೆ. ಹೆಂಡತಿಗೆ ಹಳೆಯ ಅಂಗಿಯ ಗುಂಡಿಯಿಂದ ಆಗಬೇಕಾದ್ದೇನೂ ಇಲ್ಲ. ಉಳಿದವರು ಯಾರು? ಮಂಡಿ ನೋವಿನ ಚಿಕಿತ್ಸೆಗೆಂದು ಬಂದು ನಮ್ಮಲ್ಲೇ ಉಳಿದಿರುವ ಅತ್ತೆ! ಬಾಗಿಲ ಹಿಂದೆ ಅವರ ಬಟ್ಟೆಯ ಚೀಲ ದಿನೇದಿನೇ ಉಬ್ಬುತ್ತಿತ್ತು.

ಅಡುಗೆಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ. "ನಿಮ್ಮಮ್ಮನ ಚೀಲದಲ್ಲಿ ಏನಿದೆ?"

"ಅಮ್ಮನ ಓಲೇನೇ ಕಳೆದಿದೆಯಲ್ರೀ!"

"ಅದೇ! ಅನುಮಾನ ಬರಬಾರದು ಅಂತ ತಮ್ಮದನ್ನೂ ಸೇರಿಸಿ ಅಡಗಿಸೋದು. ನಮ್ಮ ಕಸುಬಲ್ಲಿ ಇಂಥವರನ್ನ ಬೇಕಾದಷ್ಟು ನೋಡಿದ್ದೀನಿ."

ಅವಳು ಸೌಟು ಎತ್ತಿದಳು. ಬಡಿಸುವುದಕ್ಕಲ್ಲ ಎಂದು ಗೊತ್ತಾಗಿ ಹೊರಗೆ ಬಂದೆ.

ಭಾನುವಾರ ಬೆಳಿಗ್ಗೆ ನಮ್ಮ ಮ್ಯಾನೇಜರ್ ದಾರಿಯಲ್ಲಿ ಹೋಗುತ್ತಿದ್ದವರು ಹಾಗೇ ಮನೆಗೆ ಬಂದರು. ಕಾರಿನ ಕೀಲಿ ಮೇಜಿನ ಮೇಲಿಟ್ಟು ಚಹಾ ಕುಡಿದರು, ನನ್ನ ತನಿಖೆಗಳನ್ನು ಹೊಗಳಿದರು. ಬಡ್ತಿಯ ಮಾತು ಅವರ ನಾಲಿಗೆಯ ತುದಿಗೆ ಬಂದಂತಿತ್ತು. ಹೊರಡಲು ಎದ್ದು ಮೇಜು ನೋಡುತ್ತಾರೆ, ಕೀಲಿ ಇಲ್ಲ!

ನನ್ನ ಗುಂಡಿಗೆ ಧಸಕ್ಕೆಂದಿತು. ಅವರು ಜೇಬು ತಡಕಿದರು, ಸೋಫಾ ಎತ್ತಿದರು. ಆಗ ನನ್ನೊಳಗಿನ ಸಂಶಯಪ್ಪ ಮೈಕೊಡವಿ ಎದ್ದ.

"ಗಾಬರಿಯಾಗಬೇಡಿ ಸಾರ್. ಕಳ್ಳರು ಯಾರು ಅಂತ ನನಗೆ ಗೊತ್ತು!"

ಸೀದಾ ಹೋಗಿ ಅತ್ತೆಯ ಚೀಲ ತಂದು ಮೇಜಿನ ಮೇಲೆ ಬೋರಲು ಹಾಕಿದೆ. ಮುಲಾಮು ಬಿತ್ತು, ಕನ್ನಡಕ ಬಿತ್ತು, ಉಣ್ಣೆಯ ಉಂಡೆಗಳು ಬಿದ್ದವು. ಕೊನೆಗೊಂದು ಪೊಟ್ಟಣ. ಒಡೆದು ನೋಡಿದರೆ ತುಂಬಾ ಅಂಗಿಯ ಗುಂಡಿಗಳು! ಬಿಳಿ, ನೀಲಿ!

"ನೋಡಿ ಸಾರ್, ಸಾಕ್ಷಿ!"

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಬೆಲೆ ಚೀಟಿ ಇನ್ನೂ ಅಂಟಿಕೊಂಡಿದೆ, ಅದನ್ನೂ ತೋರಿಸಿ ಅಳಿಯಂದ್ರೇ," ಅಂದರು ತಣ್ಣಗೆ. "ನಿಮ್ಮ ಅಂಗಿಗಳು ಬಾಯಿ ಬಿಟ್ಕೊಂಡು ಆಫೀಸಿಗೆ ಹೋಗ್ತಿವೆಯಲ್ಲ, ಹೊಲಿದು ಕೊಡೋಣ ಅಂತ ತರಿಸಿದೆ."

ಮ್ಯಾನೇಜರ್ ಚಾವಣಿ ನೋಡಿದರು. ಹೆಂಡತಿ ನನ್ನನ್ನು ನೋಡಿದಳು. ಚಾವಣಿಯ ಅದೃಷ್ಟಕ್ಕೆ ನಾನು ಹೊಟ್ಟೆಕಿಚ್ಚುಪಟ್ಟೆ.

ಅಷ್ಟರಲ್ಲಿ ಒಳಕೋಣೆಯಿಂದ ಚಪ್ಪಾಳೆ ಕೇಳಿಸಿತು. ಎಲ್ಲರೂ ಹೋಗಿ ನೋಡಿದರೆ, ಮಂಚದ ಕೆಳಗೆ ಚೂಟಿ! ಅವಳ ಮುಂದೆ ನಾನೇ ಕತ್ತರಿಸಿಕೊಟ್ಟ ತಟ್ಟೆಗಳ ಸಾಲು. ಗುಂಡಿಗಳಲ್ಲಿ ಗುಂಡಿ, ಬ್ಯಾಟರಿ, ಸೀಸೆಯ ಮುಚ್ಚಳ, ಓಲೆ. ಕಟ್ಟಕಡೆಯ ಗುಂಡಿಯಲ್ಲಿ ಹೊಳೆಯುತ್ತಾ ಕಾರಿನ ಕೀಲಿ!

"ಒಂದೂ ಖಾಲಿ ಇಲ್ಲಪ್ಪ!" ಅಂತ ಕುಣಿದಳು.

"ಕದ್ದಿಲ್ಲ ಅಂದಿದ್ದೆಯಲ್ಲೇ!"

"ಕದ್ದಿಲ್ಲ, ತುಂಬಿಸಿದ್ದು! ನೀನೇ ಹೇಳಿದ್ದು!"

ಮ್ಯಾನೇಜರ್ ಬಗ್ಗಿ ಕೀಲಿ ತೆಗೆದುಕೊಂಡರು. ಚೂಟಿ ತಟ್ಟೆ ನೋಡಿ, ಎಣಿಸದೆಯೇ, "ಈಗ ಒಂಬತ್ತು!" ಅಂದಳು. ಅವರು ಅವಳ ತಲೆ ಸವರಿದರು. "ನಿಮ್ಮ ಮಗಳು ಒಂದು ಸಲ ನೋಡಿದ್ರೆ ಸರಿಯಾಗಿ ಹೇಳ್ತಾಳೆ ಕಣ್ರೀ," ಅಂದರು. 'ನೀವು?' ಎಂದು ಬಾಯಿಬಿಟ್ಟು ಕೇಳಲಿಲ್ಲ. ಕಾರು ಹೊರಟಿತು. ಬಡ್ತಿಯ ಮಾತೂ ಅದರಲ್ಲೇ ಕೂತು ಹೋಯಿತು.

ಅತ್ತೆಯ ಕ್ಷಮೆ ಕೇಳಿದೆ. ಅವರು ಚೀಲಕ್ಕೆ ಉಣ್ಣೆ ತುಂಬುತ್ತಾ "ಪರವಾಗಿಲ್ಲ ಬಿಡಿ" ಅಂದರು. ಆ "ಬಿಡಿ" ನನಗೆ ಅಷ್ಟು ಸರಿಯೆನಿಸಲಿಲ್ಲ. ಸಂಜೆಯವರೆಗೂ ಅವರ ಮುಖವನ್ನೇ ಕದ್ದು ನೋಡಿದೆ. ನಗುತ್ತಿದ್ದರು. ಅನುಮಾನ ಇನ್ನೂ ಹೆಚ್ಚಾಯಿತು!

ಊಟದ ಹೊತ್ತಿಗೆ ನಾನು ಕೈತೊಳೆದು ಬರುವಷ್ಟರಲ್ಲಿ ಅತ್ತೆ ಮೇಜಿನ ಮೇಲೆ ಬಿಸಿಬಿಸಿ ಊಟದ ನಾಲ್ಕು ತಟ್ಟೆ ಜೋಡಿಸಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

"ಅಪ್ಪ ಬರೀ ಕೂಡೋದು ಹೇಳಿಕೊಟ್ಟಿದ್ದಾರೆ. ಕಳೆಯೋದು ಅಜ್ಜಿ ಹೇಳಿಕೊಡ್ತೀನಿ, ನೋಡು ಪುಟ್ಟಿ. ಎಣಿಸಬಾರದು, ಬರೀ ನೋಡಬೇಕು." ಹೀಗೆಂದು ನನ್ನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದರು. "ಈಗ ಎಷ್ಟು?"

"ಮೂರು!"

"ಜಾಣೆ! ಕಳೆದದ್ದು ಏನು?"

ಚೂಟಿ ಖಾಲಿ ಜಾಗವನ್ನು ನೋಡಿದಳು, ನನ್ನನ್ನು ನೋಡಿದಳು, ಮನೆಯೆಲ್ಲ ಕೇಳುವ ಹಾಗೆ ಕೂಗಿದಳು:

"ಅಪ್ಪನ ಊಟ!"