ಕರ್ನಲ್ ಕೆಂಪರಾಜ್

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಏಳೂವರೆಗೆ ಕೆಂಪರಾಜನ ಇಯರ್‌ಫೋನ್ ಕೈಕೊಡದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಕೆಂಪರಾಜ್ ಹದಿನೆಂಟು ವರ್ಷಗಳಿಂದ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುತ್ತ, ಮತ್ತೆ ಮಡಚಿಡುತ್ತ ಬಂದ ಮನುಷ್ಯ. ಮನೆಯಲ್ಲಿ ಜಿರಲೆ ಕಂಡರೂ ಹೆಂಡತಿ ಹಂಸಳನ್ನು ಕೂಗುವವನು. ಆದರೆ ಮೊಬೈಲಿನ ಯುದ್ಧದ ಆಟದಲ್ಲಿ ಅವನ ದರ್ಬಾರೇ ಬೇರೆ. ಕೈಯಲ್ಲಿ ಎಂಟು ಕಾರ್ಡು, ಒಂದರಲ್ಲಿ ಟ್ಯಾಂಕು, ಒಂದರಲ್ಲಿ ಫಿರಂಗಿ. ಎದುರಿಗೆ ಯಾವುದೋ ಊರಿನ ಮುಖ ಕಾಣದ ಶತ್ರು. ಯಾವ ಕಾರ್ಡನ್ನು ಯಾವಾಗ ಇಳಿಸಬೇಕೆಂಬುದರಲ್ಲೇ ಎಲ್ಲ ಗುಟ್ಟು. ಗೆದ್ದರೆ ಹುದ್ದೆ ಏರುತ್ತದೆ, ಸೋತರೆ ಇಳಿಯುತ್ತದೆ. ಎರಡು ವರ್ಷ ಕಾದಾಡಿ ಹೋದ ವಾರವಷ್ಟೇ ಅವನು ಕರ್ನಲ್ ಆಗಿದ್ದ.

ಅಂದು ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದಾಗ ಇಯರ್‌ಫೋನ್ ಸತ್ತು, ಆಟದ ಜೊತೆಗಾರನ ದನಿ ಹಲಸೂರಿನ ಇಡೀ ಬೀದಿಗೆ ಕೇಳಿತು: “ಕರ್ನಲ್ ಸಾಬ್, ಎನಿಮಿ ಸೇತುವೆ ಹತ್ರ ಬಂದ್ಬಿಟ್ಟ. ಆರ್ಡರ್ ಕೊಡಿ!”

“ಉಡಾಯ್ಸಿ! ಒಬ್ನೂ ಉಳೀಬಾರ್ದು!” ಎಂದು ಕೆಂಪರಾಜ್ ಅಬ್ಬರಿಸಿದ. ತಲೆ ಎತ್ತಿದರೆ ಧ್ವಜಾರೋಹಣಕ್ಕೆ ಕುರ್ಚಿ ಕೇಳಲು ಬಂದಿದ್ದ ಮುನಿಶಾಮಮ್ಮ ಗೇಟಿನ ಬಳಿ ಬಾಯಿ ತೆರೆದು ನಿಂತಿದ್ದರು. ಬೀದಿಯ ಪಂಚಾಯಿತಿಯೆಲ್ಲ ಆಕೆಯದೇ.

“ಏನಪ್ಪಾ ಕೆಂಪರಾಜು, ನೀನು ಮಿಲ್ಟ್ರೀನಾ?”

“ಅಯ್ಯೋ, ಗೇಮ್ ಅಮ್ಮಾ. ಬರೀ ಗೇಮ್!”

“ಹಂಗೇ ಹೇಳ್ಬೇಕು ಅಂತ ಮೇಲಿನೋರು ಹೇಳಿರ್ತಾರೆ. ನಂಗೊತ್ತಾಗಲ್ವಾ?”

ಹತ್ತೇ ನಿಮಿಷದಲ್ಲಿ ಸುದ್ದಿ ಉಕ್ಕಿದ ಹಾಲಿನಂತೆ ಬೀದಿಯೆಲ್ಲ ಹರಿಯಿತು. ಎದುರುಮನೆಯ ಸ್ಟೌ ರಿಪೇರಿ ಮುಕ್ತಾರ್ ಓಡಿಬಂದು ಅವನ ಕೈ ಕುಲುಕಿದ. “ನಂಗೆ ಮೊದ್ಲಿಂದ್ಲೂ ಡೌಟಿತ್ತು ಭಾಯ್. ದಿನಾ ಕರೆಕ್ಟ್ ಟೈಮ್‌ಗೆ ಕೆಲ್ಸಕ್ಕೆ ಹೋಗ್ತೀರಾ. ಬೆಂಗ್ಳೂರಲ್ಲಿ ಮಾಮೂಲಿ ಜನ ಯಾರ್ ಹೋಗ್ತಾರೆ ಹಂಗೆ?”

“ಆ ಕುಂಟು ನೋಡಿಲ್ವೇನೋ? ಗುಂಡೇಟು ಅದು,” ಎಂದರು ಮುನಿಶಾಮಮ್ಮ. ಅಂಗಡಿಯ ಏಣಿಯಿಂದ ರೇಷ್ಮೆ ಸೀರೆಗಳ ಸಮೇತ ಉರುಳಿ ಕಾಲು ಮುರಿದುಕೊಂಡದ್ದನ್ನು ಹೇಳಲು ಕೆಂಪರಾಜ್ ಬಾಯಿ ತೆರೆದ. ಕೇಳುವವರು ಯಾರು? “ಒಂಬತ್ತಕ್ಕೆ ರೆಡಿಯಾಗಪ್ಪ. ಸಿ.ವಿ. ರಾಮನ್ ನಗರದಿಂದ ರಿಟೈರ್ಡ್ ಕರ್ನಲ್ ದೊಡ್ಡಮುನಿಯಪ್ಪನೋರು ಬಾವುಟ ಹಾರ್ಸಕ್ಕೆ ಬರ್ತಾವ್ರೆ. ಅವ್ರ ಪಕ್ಕದ ಕುರ್ಚಿ ನಿಂದೇ!”

ಕೆಂಪರಾಜ್ ಮೊಬೈಲನ್ನು ಜೇಬಿಗೆ ತುರುಕಿದ. ಒಳಗೆ ಓಡಿದರೆ ಹಂಸ ಆಗಲೇ ಮದುವೆ ಸೀರೆ ಉಟ್ಟು ನಿಂತಿದ್ದಳು.

“ಹಂಸಾ, ನೀನಾದ್ರೂ ನಿಜ ಹೇಳೇ.”

“ಹನ್ನೆರಡು ವರ್ಷಕ್ಕೆ ಇವತ್ತೇ ಮುನಿಶಾಮಮ್ಮ ನನ್ನ ‘ಬನ್ನಿ ಹಂಸ ಅವ್ರೇ’ ಅಂದಿದ್ದು ರೀ. ಇದೊಂದಿನ ಸುಮ್ನಿರಿ,” ಎಂದಳು. ಅವಳ ಮುಖ ನೋಡಿದ ಮೇಲೆ ಅವನು ಒಳ್ಳೆಯ ಅಂಗಿ ಹುಡುಕತೊಡಗಿದ.

ಒಂಬತ್ತಕ್ಕೆ ಸರಿಯಾಗಿ ಕರ್ನಲ್ ದೊಡ್ಡಮುನಿಯಪ್ಪ ಬಂದಿಳಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಬಿಳಿ ಮೀಸೆ. ಗಾಬರಿಯಲ್ಲಿ ಕೆಂಪರಾಜ್ ಎಡಗೈಯಲ್ಲಿ ಸೆಲ್ಯೂಟ್ ಹೊಡೆದ.

“ಯಾವ ರೆಜಿಮೆಂಟು?”

“ಸಾರ್, ಸ್ವಲ್ಪ ಈ ಕಡೆ ಬನ್ನಿ,” ಎಂದು ಶಾಮಿಯಾನದ ಹಿಂದೆ, ಉಪ್ಪಿಟ್ಟಿನ ಪಾತ್ರೆಯ ಪಕ್ಕಕ್ಕೆ ಕರೆದೊಯ್ದು ಕೆಂಪರಾಜ್ ಎಲ್ಲವನ್ನೂ ಒಪ್ಪಿಸಿಬಿಟ್ಟ. ಸಾಕ್ಷಿಗೆ ಮೊಬೈಲನ್ನೂ ತೋರಿಸಿದ. ಕರ್ನಲ್ ಮೊಬೈಲ್ ನೋಡಿದರು. ಮೊದಲ ಸಾಲಿನಲ್ಲಿ ಬೀಗುತ್ತ ಕೂತಿದ್ದ ಹಂಸಳನ್ನೂ ನೋಡಿದರು. ನೇರ ಮೈಕಿನ ಬಳಿ ಹೋದರು.

“ಕೆಂಪರಾಜ್ ಅವರ ಸರ್ವಿಸ್ ಬಗ್ಗೆ ಯಾರೂ ಕೇಳ್ಬೇಡಿ. ಅದು ಹೊರಗೆ ಹೇಳೋ ಅಂಥದ್ದಲ್ಲ.”

ಚಪ್ಪಾಳೆಗೆ ಶಾಮಿಯಾನವೇ ಅಲುಗಿತು. ಬಾವುಟ ಹಾರಿತು. ಹಂಸ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಪ್ಪಿಟ್ಟು ತಿನ್ನುವಾಗ ಕೆಂಪರಾಜ್ ಕೈಮುಗಿದ. “ಮರ್ಯಾದೆ ಉಳಿಸಿದ್ರಿ ಸಾರ್. ಏನ್ ಬೇಕಾದ್ರೂ ಕೇಳಿ.”

ಕರ್ನಲ್ ಆಚೀಚೆ ನೋಡಿ ದನಿ ತಗ್ಗಿಸಿದರು. “ಯಾರ್ಗೂ ಹೇಳ್ಬೇಡ. ಮೂವತ್ತು ವರ್ಷ ನನ್ನ ಸರ್ವಿಸೆಲ್ಲ ರೇಷನ್ ಡಿಪೋನಲ್ಲೇ ಕಳೀತು ಕಣಯ್ಯಾ. ಬೇಳೆ, ಈರುಳ್ಳಿ, ಸೀಮೆಎಣ್ಣೆ. ಒಂದ್ ಯುದ್ಧಾನೂ ನಡೆಸಿಲ್ಲ. ಆ ಫೋನ್ ಒಂಚೂರು ಕೊಡ್ತೀಯಾ?”

ಇಲ್ಲವೆನ್ನುವುದು ಹೇಗೆ? ಕರ್ನಲ್ ಕನ್ನಡಕ ಏರಿಸಿ, ಆಟದಲ್ಲಿ ಯಾರೂ ಮುಟ್ಟದ ರೇಷನ್ ಲಾರಿಯ ಕಾರ್ಡನ್ನು ಮೊದಲು ಇಳಿಸಿದರು.

“ಸಾರ್, ಟ್ಯಾಂಕು! ಟ್ಯಾಂಕು ಬಿಡಿ!”

“ಊಟ ಇಲ್ದೆ ಟ್ಯಾಂಕ್ ಓಡ್ಸೋನ್ಯಾರಯ್ಯಾ?” ಎಂದು ಎರಡನೇ ಲಾರಿ ಬಿಟ್ಟರು. ಅದರ ಹಿಂದೆ ಅಡುಗೆ ಡೇರೆ. ಅಷ್ಟರಲ್ಲಿ ಶತ್ರು ಸೇತುವೆ ದಾಟಿ, ಕೋಟೆ ಹಿಡಿದು, ಬಾವುಟವನ್ನೂ ನೆಟ್ಟಾಗಿತ್ತು. ಕರ್ನಲ್ ಬಿಡಲಿಲ್ಲ. ಇನ್ನೊಂದು ಆಟ, ಮತ್ತೊಂದು ಆಟ ಎನ್ನುತ್ತ ಮಧ್ಯಾಹ್ನದವರೆಗೆ ಇಪ್ಪತ್ತಮೂರು ಯುದ್ಧ ಸೋತರು. ಪ್ರತಿ ಸೋಲಿಗೂ ಆಟದಲ್ಲಿ ಕೆಂಪರಾಜನ ಹುದ್ದೆ ಒಂದೊಂದು ಮೆಟ್ಟಿಲು ಇಳಿಯಿತು.

ಕೊನೆಗೆ ಕರ್ನಲ್ ಫೋನ್ ಹಿಂದಿರುಗಿಸಿ, ಹೆಮ್ಮೆಯಿಂದ ಮೀಸೆ ತಿರುವಿದರು. “ಸೋತ್ರೇನಂತೆ? ನಮ್ಮೋರು ಒಬ್ರೂ ಹಸ್ಕೊಂಡು ಸಾಯ್ಲಿಲ್ಲ ನೋಡು!”

ಕಾಲೆಳೆದುಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಹಂಸ, ಅವಳ ಪಕ್ಕದಲ್ಲಿ ಮುನಿಶಾಮಮ್ಮ.

“ನಾಳೆಯಿಂದ ಬೆಳಿಗ್ಗೆ ಐದಕ್ಕೆ ಬೀದಿಯೋರ್ಗೆಲ್ಲ ಡ್ರಿಲ್ ಹೇಳ್ಕೊಡ್ಬೇಕಂತೆ ರೀ,” ಎಂದಳು ಹಂಸ. “ನಮ್ಮನೆ ಕರ್ನಲ್ ಬರ್ತಾರೆ ಅಂತ ನಾನೇ ಒಪ್ಕೊಂಡೆ.”

ಕೈಯಲ್ಲಿದ್ದ ಮೊಬೈಲ್ ಟಿಂಗ್ ಎಂದಿತು. ಕೆಂಪರಾಜ್ ನೋಡಿದ.

‘ಸುಸ್ವಾಗತ, ಸಿಪಾಯಿ ಕೆಂಪರಾಜ್. ಬಂದೂಕು ಹಿಡಿಯುವುದು ಹೇಗೆ? ಮೊದಲ ಪಾಠಕ್ಕೆ ಇಲ್ಲಿ ಒತ್ತಿ.’