ಗುಂಡಿ ಒತ್ತಿದರೂ ಇಳಿಯದ ಮೋಟಾರು

ಒಂದು ವಿಷಯವನ್ನು ಮೂವತ್ತು ವರ್ಷ ಪಾಠ ಹೇಳಿದವನ ಕೈಗೆ ಆ ವಿಷಯಕ್ಕೆ ಸಂಬಂಧಪಟ್ಟ ವಸ್ತುವನ್ನು ಯಾರೂ ಕೊಡಬಾರದು. ಇದು ನನ್ನ ಸ್ವಂತ ಅನುಭವದಿಂದ ಹುಟ್ಟಿದ ಅಭಿಪ್ರಾಯ. ನಾನು ರಾಮದುರ್ಗ, ಬೈಲಹೊಂಗಲ, ಕೊನೆಗೆ ಸವದತ್ತಿ ಎಂದು ಮೂರು ಊರುಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ದ್ರವದ ಒತ್ತಡದಿಂದ ಭಾರ ಎತ್ತುವ ಪಾಠವನ್ನು ನನ್ನಷ್ಟು ಸೊಗಸಾಗಿ ಹೇಳುವವರು ಜಿಲ್ಲೆಯಲ್ಲೇ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಾಲೆಯಲ್ಲಿ ಇದಕ್ಕೆಂದೇ ಒಂದು ಜಾಕು ಇತ್ತು. ಅದು ಒಂದು ದಿನವೂ ಏನನ್ನೂ ಎತ್ತಲಿಲ್ಲ. ನಾನು ಹಿಡಿಕೆಯನ್ನು ನಾಲ್ಕು ಸಲ ಒತ್ತಿ, "ಎತ್ತಿತು ಅಂತ ತಿಳ್ಕೋರಿ, ಬರಕೋರಿ" ಎನ್ನುತ್ತಿದ್ದೆ. ಮಕ್ಕಳು ತಿಳಿದುಕೊಂಡು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯ ಹಾಳೆಯಲ್ಲಿ ಅದೇ ಜಾಕು ಲಾರಿಗಳನ್ನು ಎತ್ತುತ್ತಿತ್ತು, ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ಇಂಥ ನಾನು ಹೋದ ವರ್ಷ ಕಾರವಾರಕ್ಕೆ ಹೋಗಿ, ಯಾರೋ ಬಳಸಿ ಬಿಟ್ಟ ಒಂದು ಸಣ್ಣ ದೋಣಿಯನ್ನೂ ಅದರ ಹಿಂಬದಿಗೆ ತೂಗುಹಾಕುವ ಮೋಟಾರನ್ನೂ ಕೊಂಡು ತಂದೆ. ನಮ್ಮದು ಎರೆಹೊಲದ ನಾಡು. ಇಲ್ಲಿ ಎತ್ತು ಕೊಂಡರೆ ಜನ ಹಲ್ಲು ನೋಡುತ್ತಾರೆ, ಟ್ರಾಕ್ಟರ್ ಕೊಂಡರೆ ಟೈರು ನೋಡುತ್ತಾರೆ. ದೋಣಿ ತಂದವನನ್ನು ಎಲ್ಲಿಂದ ನೋಡಬೇಕೆಂದು ತಿಳಿಯದೆ ನನ್ನ ಮುಖವನ್ನೇ ನೋಡಿದರು. ಹೆಂಡತಿ ಗಿರಿಜಾ ಕಿತ್ತೂರಿನ ಕಡೆಯವಳು, ಮಾತು ಕಡಿಮೆ. "ಇದನ್ನ ಎಲ್ಲಿ ಕಟ್ಟೋರು ನೀವು, ಎತ್ತಿನ ಗ್ವಾದ್ಲ್ಯಾಗೇನು?" ಎಂದಷ್ಟೇ ಕೇಳಿದಳು.

ದೋಣಿಗೆ ಕಾರಣ ನಮ್ಮ ನೀಲಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಹೂಲಿಗೆ ಕೊಟ್ಟಿದ್ದೇವೆ. ಅಪ್ಪನ ಹೊಲ ಮಲಪ್ರಭೆಯ ಹಿನ್ನೀರಿನ ಆಚೆ ದಂಡೆಯಲ್ಲಿದೆ. ಅಣೆಕಟ್ಟು ಕಟ್ಟಿದಾಗ ಕೆಳಗಿನ ಅರ್ಧ ಮುಳುಗಿತು, ಮೇಲಿನ ಅರ್ಧವನ್ನು ಆ ಕಡೆಯವರಿಗೆ ಪಾಲಿಗೆ ಉಳಲು ಕೊಟ್ಟಿದ್ದೇವೆ. ರಸ್ತೆಯಲ್ಲಿ ಸುತ್ತಿ ಹೋದರೂ ಕೊನೆಗೆ ಎರಡು ಮೈಲಿ ಬದುವಿನ ಮೇಲೆ ಎರೆಕೆಸರಿನಲ್ಲಿ ನಡೆಯಬೇಕು. ಅಕ್ಕನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ಎಂಟು ವರ್ಷದಿಂದ ಅವಳು ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬಂದಿರಲಿಲ್ಲ. ಆ ದಿನ ಭೂಮಿತಾಯಿ ಬಸುರಿ ಎಂದು ನಾವು ಕಡುಬು, ಹೋಳಿಗೆ, ಪಲ್ಯ ಕಲೆಸಿ ಬೆಳೆಯ ನಡುವೆ ಚರಗ ಚೆಲ್ಲುತ್ತೇವೆ. ಒಂದು ಸಲ ಹುಣ್ಣಿಮೆಯ ಮರುದಿನ ಉಳಿದ ಕಡುಬು ಕಟ್ಟಿಸಿಕೊಂಡು ಹೂಲಿಗೆ ಹೋದಾಗ ಅಕ್ಕ ಡಬ್ಬಿಯನ್ನು ತೆಗೆಯದೆ ತೊಡೆಯ ಮೇಲಿಟ್ಟುಕೊಂಡು, "ಪೈರು ಎಷ್ಟೆತ್ತರ ಬಂದೈತಿ ತಮ್ಮಾ?" ಎಂದು ಕೇಳಿದಳು. ನೀರಿನ ಮೇಲೆ ಹೋದರೆ ಇಪ್ಪತ್ತೇ ನಿಮಿಷದ ದಾರಿ. "ಮುಂದಿನ ವರ್ಷ ನಿನ್ನ ದೋಣ್ಯಾಗ ಕರಕೊಂಡ್ ಹೋಗತೇನಿ" ಅಂದುಬಿಟ್ಟೆ. ಆಗ ನಾನು ದೋಣಿಯನ್ನು ಚಿತ್ರದಲ್ಲಿ ಬಿಟ್ಟರೆ ಹತ್ತಿರದಿಂದ ನೋಡಿಯೂ ಇರಲಿಲ್ಲ.

ಕಾರವಾರದಲ್ಲಿ ಈ ಮೋಟಾರನ್ನೇ ಯಾಕೆ ಆರಿಸಿದೆ ಎಂಬುದಕ್ಕೆ ಉತ್ತರ ಒಂದು ಗುಂಡಿ. ದೋಣಿಯ ಮೋಟಾರಿನ ಕಾಲು ನೀರಿನೊಳಗೆ ಇಳಿಬಿದ್ದಿರುತ್ತದೆ, ತುದಿಯಲ್ಲಿ ನೀರು ತಳ್ಳುವ ಪಂಖ. ನೀರು ಕಡಿಮೆಯಿದ್ದಲ್ಲಿ ಪಂಖ ನೆಲಕ್ಕೆ ತಾಗದಂತೆ ಇಡೀ ಮೋಟಾರನ್ನು ಮೇಲೆತ್ತಬೇಕು. ಹಳೆಯ ಮಾದರಿಗಳಲ್ಲಿ ಇದನ್ನು ತೋಳಿನಿಂದ ಮಾಡಬೇಕು. ಇದರಲ್ಲಿ ಪವರ್ ಟ್ರಿಮ್ ಎಂಬ ವ್ಯವಸ್ಥೆ ಇತ್ತು. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಸಣ್ಣ ಪಂಪು ಗುಂಯ್ ಎಂದು ಎಣ್ಣೆ ದೂಡಿ ಮೋಟಾರನ್ನು ಎತ್ತುತ್ತಿತ್ತು, ಇನ್ನೊಂದು ಕಡೆ ಒತ್ತಿದರೆ ಇಳಿಸುತ್ತಿತ್ತು. ನನ್ನ ಮನೆಯಲ್ಲಿ ನಾನು ಏಳು ಎಂದರೆ ಏಳುವವರು, ಇಳಿ ಎಂದರೆ ಇಳಿಯುವವರು ಯಾರೂ ಇಲ್ಲ. ಮೂವತ್ತು ವರ್ಷ ತಿಳಿದುಕೊಳ್ಳಿರಿ ಎಂದು ಹೇಳಿದ ಪಾಠ ಕಣ್ಣೆದುರು ನಿಜವಾಗಿ ಏಳುವುದನ್ನು ಕಂಡು ನಾನು ಅದನ್ನು ಆರು ಸಲ ಎತ್ತಿಸಿ ಇಳಿಸಿದೆ. ಮೋಟಾರಿನ ಉಳಿದ ಭಾಗವನ್ನು ನೋಡಲು ಮರೆತೆ.

ದಸರೆಯ ಹೊತ್ತಿಗೆ ಗುಂಡಿ ಮುನಿಸಿಕೊಳ್ಳತೊಡಗಿತು. ಒತ್ತಿದರೆ ಒಳಗೆಲ್ಲೋ ಟಕ್ ಎನ್ನುವುದು, ಪಂಪು ತಿರುಗದು. ಮತ್ತೆ ಒತ್ತಿದರೆ ತಿರುಗುವುದು. ಬೈಲಹೊಂಗಲದ ಮಕ್ತುಂಸಾಬ ಟ್ರಾಕ್ಟರ್ ಹೈಡ್ರಾಲಿಕ್ ರಿಪೇರಿಯಲ್ಲಿ ಹೆಸರುವಾಸಿ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಬಂದವನು ದೋಣಿಯನ್ನು ನೋಡಿ ನಗಲಿಲ್ಲ, ಅದು ಅವನ ದೊಡ್ಡಗುಣ. ಎಣ್ಣೆಯ ಬಿರಡೆ ತೆಗೆದು ಬೆರಳದ್ದಿ ನೋಡಿದ.

"ಎಣ್ಣಿ ಬರೋಬರಿ ಐತ್ರಿ ಸರ. ಇದು ನಮ್ಮ ಟ್ರಾಕ್ಟರ್ ಲಿಫ್ಟಿನ ತಮ್ಮನ ಐತಿ. ಜಡ್ಡು ಎಣ್ಣಿದಲ್ಲ, ಕರೆಂಟಿಂದು. ಪಂಪಿಗೆ ಕರೆಂಟ್ ಮುಟ್ಟಸೋ ಕಾರ್ಬನ್ ಸವದಾವು, ಬದಲಿ ಮಾಡಸ್ರಿ. ಅಲ್ಲೀತನಕ ನೀರಿಗೆ ಇಳೀಬ್ಯಾಡ್ರಿ."

ಹೀಗೆಂದು ಪಂಪಿಗೆ ನಟ್ಟು ಬಿಚ್ಚುವ ಪಾನದ ಹಿಂಭಾಗದಿಂದ ಮೆಲ್ಲಗೆ ಎರಡು ಬಡಿದ. ಪಂಪು ತಿರುಗಿತು. ಅವನು ಹೇಳಿದ್ದು, ಮಾಡಿದ್ದರಲ್ಲಿ ನನಗೆ ಬೇಕಾದದ್ದು ಬಡಿದದ್ದು ಮಾತ್ರ. ಕಾರ್ಬನ್ ತರಿಸಲು ಹುಬ್ಬಳ್ಳಿಗೆ ಹೇಳಬೇಕು, ಹುಣ್ಣಿಮೆಗೆ ನಾಲ್ಕೇ ದಿನ ಇದೆ, ತಿರುಗುತ್ತಿದೆಯಲ್ಲ ಎಂದು ಸುಮ್ಮನಾದೆ.

ಹುಣ್ಣಿಮೆಯ ದಿನ ಬೆಳಿಗ್ಗೆ ಮೋಟಾರನ್ನು ಮೇಲೆತ್ತಿಟ್ಟ ಸ್ಥಿತಿಯಲ್ಲೇ ದೋಣಿಯನ್ನು ದಂಡೆಗೆ ಸಾಗಿಸಿ ನೀರಿಗೆ ಬಿಟ್ಟೆವು. ಅಕ್ಕ ಇಳಕಲ್ಲ ಸೀರೆಯ ಮೇಲೆ ತೇಲುವ ಕೇಸರಿ ಜಾಕೀಟು ತೊಟ್ಟು, ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು ಕುಳಿತಳು. ಗಿರಿಜಾ ಚರಗದ ಬುಟ್ಟಿ ಹಿಡಿದುಕೊಂಡಳು. ನಾನು ಹುಟ್ಟುಗೋಲಿನಿಂದ ದೋಣಿಯನ್ನು ಆಳಕ್ಕೆ ದೂಡಿ, ಇಳಿಸುವ ಗುಂಡಿ ಒತ್ತಿದೆ. ಟಕ್. ಇನ್ನೊಮ್ಮೆ ಒತ್ತಿದೆ. ಟಕ್. ಪಂಖ ಆಕಾಶ ನೋಡುತ್ತಾ ನಿಂತಿತ್ತು.

ಬ್ಯಾಟರಿಯ ತಂತಿ ಬಿಚ್ಚಿ ಉಜ್ಜಿ ಹಾಕಿದೆ. ಫ್ಯೂಜು ನೋಡಿದೆ. ಪಾನ ಮನೆಯಲ್ಲೇ ಉಳಿದಿತ್ತು, ಆದ್ದರಿಂದ ಬುಟ್ಟಿಯಲ್ಲಿದ್ದ ತೆಂಗಿನಕಾಯಿಯಿಂದ ಪಂಪಿಗೆ ಬಡಿದೆ. ಮೂರನೆಯ ಏಟಿಗೆ ಕಾಯಿ ಒಡೆಯಿತು.

"ಹೊಲದಾಗ ಒಡ್ಯೂ ಕಾಯಿ ಇಲ್ಲೇ ಒಡದ್ರಿ, ಚೊಲೋ ಆತು" ಎಂದಳು ಗಿರಿಜಾ.

ಅಕ್ಕ ಆಚೆ ದಂಡೆಯನ್ನು ನೋಡುತ್ತಾ ಕುಳಿತಿದ್ದಳು. ಮಕ್ತುಂಸಾಬನ ಫೋನು ಹತ್ತಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕಾರವಾರದ ಹಳೆಯ ಮಾಲೀಕರಿಗೆ ಮಾಡಿದೆ.

"ಅದಕ್ಕೆ ಇಷ್ಟು ಹೆದರೋದ್ಯಾಕೆ ಮಾರಾಯ್ರೇ" ಎಂದರು ಅವರು. "ಮೋಟಾರು ಹಿಡಿದ ಬ್ರಾಕೆಟ್ಟಿನ ಬಲಗಡೆ ಒಂದು ತೂತು ಅದೆ ನೋಡಿ. ಅದರೊಳಗೆ ಸ್ಕ್ರೂ ಅದೆ. ಸಡಿಲ ಮಾಡಿದ್ರೆ ತಾನೇ ಇಳೀತದೆ. ಆಮೇಲೆ ಬಿಗಿ ಮಾಡಿ. ಆ ತೂತು ಮಾತ್ರ ಯಾವಾಗ್ಲೂ ಸ್ವಚ್ಛ ಇಟ್ಟುಕೊಳ್ಳಬೇಕು, ಗೊತ್ತಾಯ್ತಾ?"

ಗೊತ್ತಾಯಿತು. ಆ ತೂತು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಯಾವ ಯಂತ್ರ ಬಂದರೂ ಮೊದಲು ಊದಿನಕಡ್ಡಿ ಸಿಗಿಸಲು ಜಾಗ ಹುಡುಕುತ್ತೇವೆ. ಟ್ರಾಕ್ಟರಿಗೆ ಬಾನೆಟ್ಟಿನ ಸಂದಿ, ಪಂಪುಸೆಟ್ಟಿಗೆ ಡಬ್ಬಿಯ ಚಿಲಕ. ಈ ಮೋಟಾರಿನಲ್ಲಿ ಅಳತೆ ಮಾಡಿ ಕೊರೆದಂತೆ ಒಂದು ತೂತು ಇರುವುದನ್ನು ಕಂಡು, ಪರದೇಶದವರಿಗೂ ಎಷ್ಟು ಭಕ್ತಿ ಎಂದು ನಾನು ಬೆರಗಾಗಿದ್ದೆ. ಪ್ರತಿ ಮಂಗಳವಾರ, ಶುಕ್ರವಾರ ಎರಡೆರಡು ಕಡ್ಡಿ ಹಚ್ಚಿ ಅಲ್ಲೇ ಸಿಗಿಸಿದ್ದೆ. ದಸರೆಯ ಖಂಡೇ ಪೂಜೆಗೆ ಒಂದು ಹಿಡಿಯನ್ನೇ ಸಿಗಿಸಿದ್ದೆ. ಮೇಲೆ ಕಾಣುವ ಕಡ್ಡಿಯನ್ನು ಮುರಿದು ಎಸೆದಿದ್ದೆ, ಒಳಗಿನ ತುಂಡುಗಳು ಬೂದಿ, ಕುಂಕುಮದೊಂದಿಗೆ ಸೇರಿ ಗಚ್ಚಿನಂತೆ ಗಟ್ಟಿಯಾಗಿದ್ದವು. ಗಿರಿಜಾ ತನ್ನ ತುರುಬಿನ ಪಿನ್ನು ತೆಗೆದು ಕೊಟ್ಟಳು. ನಾನು ಅರ್ಧ ಗಂಟೆ ಬೋರಲು ಬಿದ್ದು ನನ್ನ ಭಕ್ತಿಯನ್ನು ಚೂರುಚೂರಾಗಿ ಹೊರಗೆ ತೆಗೆದೆ. ಸ್ಕ್ರೂ ಸಿಕ್ಕಿತು. ಸಡಿಲಿಸಿದ ಕೂಡಲೆ ಮೋಟಾರು ನಿಟ್ಟುಸಿರು ಬಿಟ್ಟು ನೀರಿಗಿಳಿಯಿತು.

ಹದಿನೆಂಟು ನಿಮಿಷ ನಾನು ರಾಜನಂತೆ ದೋಣಿ ನಡೆಸಿದೆ. ಅಪ್ಪನ ಹೊಲದ ಹುಣಸೆಗಿಡ ಕಂಡಿತು, ಅದರ ಕೆಳಗೆ ಎದೆಯೆತ್ತರದ ಜೋಳ ಕಂಡಿತು. ದಂಡೆ ಹತ್ತಿರವಾಗುತ್ತಾ ನೀರು ಕಡಿಮೆಯಾಯಿತು. ಈಗ ಮೋಟಾರನ್ನು ಎತ್ತಬೇಕು. ಗುಂಡಿ ಒತ್ತಿದೆ. ಟಕ್ ಎಂದಿತು. ಇಳಿಸುವುದಕ್ಕೆ ಸ್ಕ್ರೂ ಇದೆ, ಭಾರ ತಾನೇ ಇಳಿಯುತ್ತದೆ, ಎತ್ತುವುದಕ್ಕೆ ಮಾತ್ರ ಯಾರಾದರೂ ಎತ್ತಲೇಬೇಕು ಎಂಬ ಸರಳ ವಿಜ್ಞಾನ ನನಗೆ ಆಗ ಹೊಳೆಯಿತು. ಪಂಖ ಎರೆಕೆಸರಿನಲ್ಲಿ ಹೂತು ಮೋಟಾರು ಕೆಮ್ಮಿ ನಿಂತಿತು. ದಂಡೆ ಇನ್ನೂ ಇಪ್ಪತ್ತು ಮಾರು ದೂರವಿತ್ತು. ನಾನು ಎರಡೂ ಕೈ ಹಾಕಿ ಎತ್ತಲು ನೋಡಿದೆ. ಸೊಂಟದಲ್ಲಿ ಟಕ್ ಎಂದಿತು.

ನನಗೆ ಅಳು ಬರುವಂತಾಗಿತ್ತು. ಎಂಟು ವರ್ಷ ಕಾದವಳನ್ನು ಹೊಲ ಕಾಣುವ ಜಾಗಕ್ಕೆ ತಂದು ಕೆಸರಿನಲ್ಲಿ ನಿಲ್ಲಿಸಿದ್ದೆ. "ಅಕ್ಕಾ, ತಪ್ಪಾತು. ಒಂದ್ ಸ್ವಲ್ಪ ತಡಿ, ಪಾಲಿನವರನ್ನ ಕೂಗತೇನಿ, ಹೊತ್ಕೊಂಡ್ ಹೋಗ್ತಾರ" ಎಂದೆ.

ಅಕ್ಕ ಕೈಯೆತ್ತಿ ಸುಮ್ಮನಿರು ಎಂದಳು. ಹುಣಸೆಗಿಡವನ್ನು ನೋಡಿದಳು, ಅದರ ಹಿಂದಿನ ಗುಡ್ಡವನ್ನು ನೋಡಿದಳು, ಕುಳಿತಲ್ಲೇ ಸ್ವಲ್ಪ ಸರಿದು ಮತ್ತೆ ನೋಡಿದಳು.

"ತಮ್ಮಾ, ಬಾಂವಿ ದಂಡಿಮ್ಯಾಲೆ ಕುಂತ್ರ ಈ ಹುಣಸಿಗಿಡದ ಸೀದಾ ಹಿಂದ ಗುಡ್ಡದ ಮೂಲಿ ಕಾಣ್ತಿತ್ತು. ಈಗ ಹಂಗ ಕಾಣಾಕತ್ತೈತಿ ನೋಡು. ನಾವು ಬಾಂವಿ ಮ್ಯಾಲೆ ಅದೀವಿ."

ಮುಳುಗಿದ ಹೊಲದಲ್ಲಿ ನಮ್ಮ ಬಾವಿ ಇತ್ತು. ಬೇಸಿಗೆಯಲ್ಲಿ ನೀರು ಇಳಿದರೂ ಹೂಳು ತುಂಬಿ ಅದರ ಗುರುತು ಸಿಗುವುದಿಲ್ಲ. ಹೊಲ ಮುಳುಗಿದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ, ನನಗೆ ಬಾವಿಯ ನೆನಪು ಮಸುಕು. ಅಕ್ಕ ಅದರಿಂದ ನೀರು ಸೇದಿದವಳು.

"ಅಪ್ಪ ಚರಗಾ ಇಲ್ಲಿಂದನ ಸುರು ಮಾಡ್ತಿದ್ದ" ಎಂದಳು. "ಮ್ಯಾಲಿನ ಹೊಲದ ಭೂಮಿತಾಯಿ ವರ್ಷಾ ಉಣತಾಳ. ಈಕಿಗೆ ಐವತ್ತು ವರ್ಷಾತು, ಯಾರೂ ಒಂದ್ ತುತ್ತು ಹಾಕಿಲ್ಲ. ಗಿರಿಜಾ, ಬುಟ್ಟಿ ಕೊಡವಾ."

ಕುಳಿತಲ್ಲಿಂದಲೇ ಅಕ್ಕ ನಾಲ್ಕು ದಿಕ್ಕಿಗೂ ನೀರಿನ ಮೇಲೆ ಚರಗ ಚೆಲ್ಲಿದಳು. ಚರಗ ಚೆಲ್ಲುವವರ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಹೋಗಬೇಕು. ಆ ಕೆಲಸ ನನ್ನದಾಗಿತ್ತು, ಅವತ್ತು ಬೇಕಾಗಲಿಲ್ಲ. ಕಡುಬಿನ ಚೂರು ಮುಳುಗಿದಲ್ಲಿ ಮೀನು ಬಂದವು. ಗಿರಿಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಡೆದ ಕಾಯಿಯನ್ನೇ ಹಂಚಿಕೊಂಡು ದೋಣಿಯಲ್ಲೇ ಊಟ ಮಾಡಿದೆವು. ಪಾಲಿನವರು ಬಂದು, ಹೊತ್ತುಕೊಂಡು ಹೋಗುತ್ತೇವೆ ಎಂದರೂ ಅಕ್ಕ ದಂಡೆಗೆ ಬರಲು ಒಪ್ಪಲಿಲ್ಲ. ಅವರೇ ಮೋಟಾರನ್ನು ಕೆಸರಿನಿಂದ ಎಬ್ಬಿಸಿ ಆಳಕ್ಕೆ ದೂಡಿ ಕಳಿಸಿದರು.

ಈಗಿನ ತೊಂದರೆ ಬೇರೆ. ಮದುವೆ, ಬಸುರಿಯರ ಕುಬಸ ಎಂದು ನೆಂಟರು ಸೇರಿದಲ್ಲೆಲ್ಲ ಅಕ್ಕ ಈ ಕಥೆ ಹೇಳುತ್ತಾಳೆ. "ನನ್ನ ತಮ್ಮ ಭಾಳ ಶ್ಯಾಣ್ಯಾ. ಬೇಕಂತನ ದೋಣಿ ತಂದು ಬಾಂವಿ ಮ್ಯಾಲೆ ನಿಂದ್ರಿಸಿದ. ಕೆಟ್ಟೈತಿ ಅಂತ ಸುಳ್ಳ ಹೇಳಿದ, ಯಾಕಂದ್ರ ಮೊದಲ ಹೇಳಿದ್ರ ನಾ ಅಳತಿದ್ದೆ." ನೆಂಟರು ನನ್ನತ್ತ ಗೌರವದಿಂದ ನೋಡುತ್ತಾರೆ, ಗಿರಿಜಾ ಬೇರೆ ರೀತಿಯಲ್ಲಿ ನೋಡುತ್ತಾಳೆ. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿರುತ್ತೇನೆ. ತಿದ್ದಿ ಹೇಳುವ ಧೈರ್ಯ ಇದುವರೆಗೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ.

ಈ ಹುಣ್ಣಿಮೆಗೂ ಬಾವಿಯ ಮೇಲೆಯೇ ನಿಲ್ಲಿಸಬೇಕೆಂದು ಅಕ್ಕ ಹೇಳಿ ಕಳಿಸಿದ್ದಾಳೆ. ಮಕ್ತುಂಸಾಬ ಹೊಸ ಕಾರ್ಬನ್ ಹಾಕಿದ್ದಾನೆ. ಮೋಟಾರು ಬೆರಳು ತಾಗಿಸಿದರೆ ಏಳುತ್ತದೆ, ಇಳಿಯುತ್ತದೆ. ನಾನು ಮೂರು ಸಲ ಒಬ್ಬನೇ ಹೋಗಿ ಅಭ್ಯಾಸ ಮಾಡಿದೆ. ಹುಣಸೆಗಿಡ ನೋಡಿದೆ, ಗುಡ್ಡ ನೋಡಿದೆ, ಅತ್ತಿತ್ತ ಸರಿದು ಕುಳಿತು ನೋಡಿದೆ. ಎತ್ತಿಕೊಂಡು, ಇಳಿಸಿಕೊಂಡು ದಂಡೆಯುದ್ದಕ್ಕೂ ಅಡ್ಡಾಡಿದ್ದೇ ಬಂತು, ಕೆಟ್ಟ ಮೋಟಾರು ತಾನೇ ನಿಂತಿದ್ದ ಆ ಜಾಗ ಮಾತ್ರ ಒಂದು ಸಲವೂ ಸಿಗಲಿಲ್ಲ. ನಿನ್ನೆ ಮಕ್ತುಂಸಾಬನಿಗೆ ಫೋನು ಮಾಡಿ, ಆ ಹಳೆಯ ಕಾರ್ಬನ್ ಇನ್ನೂ ಎಸೆದಿಲ್ಲವಷ್ಟೇ ಎಂದು ವಿಚಾರಿಸಿದೆ.