ಕೆಂಪು ಗೀಟು ಮತ್ತು ಪಕ್ಕೀರಪ್ಪನ ಮಂಚ

ಸಂಡೂರು ರಸ್ತೆಯ ಕಾರ್ಖಾನೆಯಲ್ಲಿ ಪಾಳಿ ದುಡಿಯುವ ಹಾಲೇಶ, ವಾಸ್ತುಶಿಲ್ಪ ಮತ್ತು ನಗರ ಯೋಜನೆಯ ಇತಿಹಾಸದಲ್ಲಿ ಎಂ.ಎ. ಮಾಡಲು ಹೊರಟ ದಿನದಿಂದ ಅವನ ಹೆಂಡತಿ ಕಾವ್ಯಳಿಗೆ ನೆಮ್ಮದಿಯಾಗಿ ಒಂದು ಮಿರ್ಚಿ ಬಜ್ಜಿ ತಿನ್ನಲೂ ಆಗಿರಲಿಲ್ಲ. ಹಂಪಿ ಬಜಾರಿಗೆ ಸುತ್ತಾಡಲು ಕರೆದೊಯ್ದವನು, ಆಕೆ ಮಿರ್ಚಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಕಲ್ಲು ಮಂಟಪವೊಂದರ ಮುಂದೆ ನಿಲ್ಲಿಸಿ, "ಇಲ್ಲಿ ಮನಿ ಎಲ್ಲಿ ಮುಗೀತೈತಿ, ಬೀದಿ ಎಲ್ಲಿ ಶುರು ಆಗತೈತಿ, ಹೇಳು ನೋಡೋಣ" ಎಂದು ಪರೀಕ್ಷೆ ಒಡ್ಡಿದ್ದ. (ಮಿರ್ಚಿ ಆರಿತು. ಕಾವ್ಯ ಆರಲಿಲ್ಲ.)

ಇಂಥವನಿಗೆ ಪ್ರಬಂಧದ ವಿಷಯ ಹೊಳೆದದ್ದು ಹೊಸಪೇಟೆಯ ತನ್ನ ಓಣಿಯಲ್ಲೇ: 'ಬೀದಿಯೇ ಪಡಸಾಲೆ'. ಕರೆಮ್ಮನ ಮೆಣಸಿನಕಾಯಿ ಒಣಗುವುದು ಬೀದಿಯಲ್ಲಿ, ಪಕ್ಕೀರಪ್ಪ ಮಂಚ ಹಾಕಿ ಮಲಗುವುದು ಬೀದಿಯಲ್ಲಿ. ರುಬ್ಬುವ ಕಲ್ಲು, ಕೋಳಿ ಬುಟ್ಟಿ, ಜಗಳ, ಎಲ್ಲ ಬೀದಿಯಲ್ಲಿ. ಮಾರ್ಗದರ್ಶಕಿ ಸ್ಫೂರ್ತಿ ಮೇಡಂ ಭಾನುವಾರ ಖುದ್ದಾಗಿ ನೋಡಲು ಬರುವವರಿದ್ದರು. ಅವರಿಗೆ ಓಣಿ ಒಪ್ಪಿಗೆಯಾದರೆ ಸರಿ. ಇಲ್ಲವಾದರೆ ಕಂಪ್ಲಿಯ ಹಳೆಯ ಚರಂಡಿಗಳ ಮೇಲೆ ಬರೆಯಬೇಕು, ಅದೂ ಇಳಿದು ನೋಡಿ.

ನಕ್ಷೆ ಬರೆಯಲು ಸುಲಭವಾಗಲೆಂದು ಶನಿವಾರ ಹಾಲೇಶ ಯಾವ ಸಾಮಾನು ಎಲ್ಲಿರುತ್ತದೋ ಅದರ ಸುತ್ತ ಗೀಟು ಎಳೆಯಲು ಹೊರಟ. ಸುಣ್ಣದ ಗೀಟು ಮುಂಜಾನೆ ನೀರು ಹಾಕಿದರೆ ಅಳಿಸಿ ಹೋದೀತೆಂದು, ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟ್ ಹುಡುಕಿ ತೆಗೆದ.

"ಕೆಂಪು ಬ್ಯಾಡ್ರಿ," ಎಂದಳು ಕಾವ್ಯ. "ಮಂದಿ ಬ್ಯಾರೇನ ತಿಳ್ಕಂತಾರ."

"ಸಂಶೋಧನಾ ಅಂದ್ರ ಎದ್ದು ಕಾಣಬೇಕು."

"ಹಂಗಾರ ನಮ್ಮ ಬಾಗ್ಲ ಮುಂದ ಒಂದು ಹನಿ ಬಿದ್ರೂ ನೋಡ್ರಿ. ಅದು ನನ್ನ ರಂಗೋಲಿ ಜಾಗ."

ಸಂಶೋಧಕನಾದವನು ತನ್ನ ಅಧ್ಯಯನದಿಂದ ದೂರ ಉಳಿಯಬೇಕೆಂಬ ಮಹಾತತ್ವ ಹಾಲೇಶನಿಗೆ ಆ ಕ್ಷಣವೇ ನೆನಪಾಯಿತು. ತನ್ನ ಮನೆಯೊಂದನ್ನು ಬಿಟ್ಟು ಓಣಿಗೆಲ್ಲ ಗೀಟು ಎಳೆದು ರಾತ್ರಿ ಪಾಳಿಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ಓಣಿ ಬೋಳು. ಮೆಣಸಿನಕಾಯಿ ಇಲ್ಲ, ಮಂಚ ಇಲ್ಲ, ಕೋಳಿ ಸಹಿತ ಒಳಗೆ. ಒಂದು ನಾಯಿ ಮಾತ್ರ ಗೀಟಿಗೆ ಬಾಲ ತಾಗದಂತೆ ಮುದುಡಿ ಮಲಗಿತ್ತು.

"ರಸ್ತೆ ಅಗಲ ಮಾಡ್ತಾರಂತಲ್ಲಪ್ಪ," ಎಂದಳು ಕರೆಮ್ಮ ಕಿಟಕಿಯಿಂದ. "ಕೆಂಪು ಗೀಟು ಬಿದ್ದ ಮ್ಯಾಲೆ ಜೆಸಿಬಿ ಬರದ ಇರತೈತಾ? ನಮ್ಮ ಓಣಿಯವನಾಗಿ ನೀನೇ ಗೀಟು ಹೊಡದ್ಯಲ್ಲ."

"ಯಮ್ಮಾ, ಅದು ನನ್ನ ಓದಿಗೆ. ಮೆಣಸಿನಕಾಯಿ ಹೊರಗ ಹಾಕು, ಕೈ ಮುಗಿತೀನಿ."

"ಓದಿಗಾದ್ರ ನಿನ್ನ ಮನಿ ಮುಂದ ಯಾಕಿಲ್ಲ?"

ಹಾಲೇಶ ಪಕ್ಕೀರಪ್ಪನ ಮನೆಗೆ ಓಡಿದ. ಮಂಚ ಒಳಹೊಕ್ಕಿದ್ದರಿಂದ ಪಕ್ಕೀರಪ್ಪನ ತಲೆ ಪಡಸಾಲೆಯಲ್ಲೂ ಕಾಲು ಒಲೆಯ ಪಕ್ಕದಲ್ಲೂ ಇದ್ದವು.

"ಕಾಕಾ, ದಯಮಾಡಿ ಬೀದ್ಯಾಗ ಬಂದು ಮಲಗು."

"ಎಲ್ಲಿ ಮಲಗ್ಲೋ? ಗೀಟಿಲ್ಲದ್ದು ನಿನ್ನ ಬಾಗ್ಲ ಒಂದ ಐತಿ."

ಕಂಪ್ಲಿಯ ಚರಂಡಿ ಕಣ್ಣಮುಂದೆ ಹರಿಯಿತು. "ಅಲ್ಲೇ ಮಲಗು," ಅಂದುಬಿಟ್ಟ ಹಾಲೇಶ. ಆ ಮಾತು ಕಿಟಕಿಯಿಂದ ಕಿಟಕಿಗೆ ದಾಟಿತು.

ಮೇಡಂ ಬರುವ ಹೊತ್ತಿಗೆ ಇಡೀ ಓಣಿ ಅವನ ಬಾಗಿಲಿಗೆ ಬಂದಿತ್ತು. ರಂಗೋಲಿಯ ಮೇಲೆ ಮೆಣಸಿನಕಾಯಿ, ಮೆಟ್ಟಿಲಿಗೆ ಒತ್ತಿ ರುಬ್ಬುವ ಕಲ್ಲು, ಬಾಗಿಲಿಗೆ ಅಡ್ಡ ಪಕ್ಕೀರಪ್ಪನ ಮಂಚ, ಮಂಚದ ಕೆಳಗೆ ಕೋಳಿ ಬುಟ್ಟಿ.

ಮೇಡಂ ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಫೋಟೋ ತೆಗೆದರು. "ಅದ್ಭುತ, ಹಾಲೇಶ್. ವಿಷಯಕ್ಕೆ ಒಪ್ಪಿಗೆ. ಆದರೆ ಅಧ್ಯಯನ ಮುಗಿಯುವವರೆಗೆ ಒಂದು ಸಾಮಾನೂ ಕದಲಬಾರದು. ಆಗಾಗ ಬಂದು ನೋಡ್ತೀನಿ."

ಅಧ್ಯಯನ ಮುಗಿಯುವುದು ಮುಂದಿನ ವರ್ಷ.

ಸೋಮವಾರ ಹಗಲು ಪಾಳಿಗೆ ಹೊರಟರೆ ಬೈಕು ಪಡಸಾಲೆಯಲ್ಲೇ ಸೆರೆಯಾಗಿತ್ತು.

"ಮಂಚ ಒಂಚೂರು ಸರಿಸ್ಲಾ?"

"ಮೇಡಂ ಬ್ಯಾಡ ಅಂದಾರಲ್ರೀ." ಕಾವ್ಯ ಆಗಲೇ ತನ್ನ ರಂಗೋಲಿಯನ್ನು ಕರೆಮ್ಮನ ಖಾಲಿ ಅಂಗಳಕ್ಕೆ ವರ್ಗಾಯಿಸಿ ಬಂದು, ಗೋಡೆಗೊರಗಿ ಮಿರ್ಚಿ ತಿನ್ನುತ್ತಿದ್ದಳು. ಬಿಸಿಯಾಗಿದ್ದವು. "ಬಸ್ಸಿಗೆ ಹೋಗ್ರಿ. ಮನಿ ಎಲ್ಲಿ ಮುಗೀತೈತಿ, ಬೀದಿ ಎಲ್ಲಿ ಶುರು ಆಗತೈತಿ, ದಾರ್ಯಾಗ ವಿಚಾರ ಮಾಡ್ರಿ."

ಹಾಲೇಶ ಬೂಟು ಕೈಯಲ್ಲಿ ಹಿಡಿದು ಮಂಚ ದಾಟಿದ.

"ಲೇ ಹಾಲೇಶ," ಅಂದ ಪಕ್ಕೀರಪ್ಪ ಕಣ್ಣು ತೆರೆಯದೆಯೇ, "ಬಾಗ್ಲ ಮೆಲ್ಲಕ ಮುಚ್ಚಿ ಹೋಗಪ್ಪ. ಈಗಿನ್ನ ಕಣ್ಣು ಹತ್ತಿತ್ತು."